ಬೀಸುವ ಪದದಲ್ಲಿ ಅಂದಾನಪ್ಪನ ಹೆಸರು

“ಇನ್ನ ಯಾರಿಗಂತ ಬೀಸ್ಲಿ?”

ಪಾರ್ವತವ್ವ ಕೇಳಿದ್ದು ಯಾರನ್ನೂ ಅಲ್ಲ. ಬೀಸುವ ಕಲ್ಲಿನ ಮುಂದೆ ಕೂತು, ಕೈಯಲ್ಲಿ ಹಿಡಿ ಅಕ್ಕಿ ಹಿಡಿದುಕೊಂಡು, ಗೋಡೆಯನ್ನು ಕೇಳಿದಂತೆ ಕೇಳಿದಳು. ರೊಟ್ಟಿ ತಿನ್ನುವ ಮಗ ಚನ್ನಯ್ಯ ಹೋಗಿ ವರ್ಷದ ಮೇಲಾಗಿತ್ತು. ಕೆರೆ ನೀರಿನ ಪಾಳಿ ಅಂದು ತನ್ನದೆಂದು ಅವನು ತೂಬಿನ ಹತ್ತಿರ ನಿಂತಾಗ, ಪಕ್ಕದ ಗದ್ದೆಯ ಅಂದಾನಪ್ಪ ಗುದ್ದಲಿ ಎತ್ತಿ ಹೊಡೆದು ಕೊಂದಿದ್ದ. ಬುತ್ತಿ ತಂದಿದ್ದ ಚನ್ನಯ್ಯನ ಹೆಂಡತಿ ನೀಲಗಂಗವ್ವ ಏರಿಯ ಮೇಲಿಂದ ನೋಡಿದ್ದಳು. ಶಿರಸಿಯ ಕೋರ್ಟಿನಲ್ಲಿ ಅವಳನ್ನು ಕೇಳಿದರು. ಬಾಯಿ ತೆರೆದಳು, ದನಿ ಬರಲಿಲ್ಲ. ಕಂಡಿದ್ದ ಇನ್ನಿಬ್ಬರು ದನಿಯಿದ್ದೂ ಸುಮ್ಮನಾದರು. ಬಿಡುಗಡೆಯಾದ ಅಂದಾನಪ್ಪ ಬನವಾಸಿಯ ದೇವರಿಗೆ ಹಣ್ಣುಕಾಯಿ ಮಾಡಿಸಿಕೊಂಡೇ ಊರಿಗೆ ಬಂದ.

ನೀಲಗಂಗವ್ವ ಆಮೇಲೂ ಮಾತಾಡಲಿಲ್ಲ. ಎಲ್ಲಾದರೂ ಕಬ್ಬಿಣ ಕಲ್ಲಿಗೆ ತಾಗಿದ ಸದ್ದಾದರೆ ಮೂಲೆಗೆ ಸರಿದು ಕಿವಿ ಮುಚ್ಚಿಕೊಳ್ಳುವಳು. ಆಸ್ಪತ್ರೆಯ ಗುಳಿಗೆಯಾಯಿತು, ಮಠದ ಸಂಗಯ್ಯನವರ ವಿಭೂತಿಯಾಯಿತು. ಕೊನೆಗೆ ಸಂಗಯ್ಯನವರೇ ಹೇಳಿದರು:

“ಪಾರ್ವತವ್ವ, ಒಬ್ಬಾಕಿನ ಬೀಸಬ್ಯಾಡ್ರಿ. ಸೊಸಿ ಕೈನೂ ಕಲ್ಲಿನ ಗೂಟಕ್ಕ ಹಚ್ಚಸ್ರಿ. ಯಾರರ ಅಂಜಿಕಿ ತಗೊಂಡ್ರ ನಮ್ಮವ್ವ ಹಂಗ ಮಾಡ್ತಿದ್ಲು.”

“ಮಾತಾಡದಾಕಿ ಪದ ಹಾಡ್ತಾಳೇನ್ರಿ ಅಯ್ಯಾರ?”

“ಹಾಡೂದು ನೀವು. ಆಕಿ ತಿರುವಿದ್ರ ಸಾಕು.”

ಹಾಗೆ ಅತ್ತೆ ಸೊಸೆ ಎದುರುಬದುರು ಕೂತರು. ಕಲ್ಲಿನ ಗುರುಗುರು ಸದ್ದು ಗೂಟದಿಂದ ಕೈಗೆ, ಕೈಯಿಂದ ಎದೆಗೆ ಏರುತ್ತಿತ್ತು. ಪಾರ್ವತವ್ವ ಮೊದಲು ಶಿವನನ್ನು ನೆನೆದು, ಕಲ್ಲನ್ನು ನೆನೆದು, ಆಮೇಲೆ ತವರನ್ನು ಹಾಡುವಳು. ಮೂರೇ ಸಾಲಿನ ಪದ. ಕಲ್ಲು ಸುತ್ತಿದಂತೆ ಅದೂ ಸುತ್ತುವುದು. ಸುಗ್ಗಿ ಮುಗಿಯುವ ಹೊತ್ತಿಗೆ ಸೊಸೆಯ ಭುಜದ ಬಿಗಿ ಸಡಿಲಿತು. ಒಂದು ಬೆಳಗ್ಗೆ ಮೂಗಿನಲ್ಲೇ ಗುಣುಗುಣು ಅಂದಳು. ಪಾರ್ವತವ್ವ ಕೇಳಿಯೂ ಕೇಳದವಳಂತೆ ಕಲ್ಲಿಗೆ ಅಕ್ಕಿ ಹಾಕಿದಳು.

ಆ ಪದಗಳಲ್ಲಿ ಅಣ್ಣತಮ್ಮಂದಿರ ಹೆಸರು ಹಾಕುವ ಜಾಗವೊಂದಿದೆ. ಹಾಡಿದ ಹೆಸರು ಹಿಟ್ಟಿಗೆ ಬೀಳುತ್ತದೆ, ಆ ಹಿಟ್ಟು ಉಂಡವರು ಹೆಸರಿನವನನ್ನು ಹರಸಿದಂತೆ ಎಂದು ಅಲ್ಲಿಯ ಹೆಂಗಸರ ನಂಬಿಕೆ. ಆದ್ದರಿಂದ ಆಗದವರ ಹೆಸರನ್ನು ಕಲ್ಲಿನ ಮುಂದೆ ಯಾರೂ ಎತ್ತುವುದಿಲ್ಲ. ಒಂದು ದಿನ ಆ ಜಾಗ ಬಂದಾಗ ಪಾರ್ವತವ್ವ ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಸೊಸೆ, ಒಡಕು ದನಿಯಲ್ಲಿ, ತಾನೇ ಕಟ್ಟಿದ ಪದ ಹಾಡಿದಳು:

ಸರದಿಯ ನೀರೀಗೆ ಗುದ್ದಲಿ ಎತ್ತೀದಿ
ಕೆರಿಯ ಏರೀಗೆ ನೆತ್ತಾರ | ಅಂದಾನಪ್ಪ
ಕರಗೀತೆ ಕೈಯ ಕಲೆ ನಿನ್ನ

ಕಲ್ಲು ನಿಂತಿತು. ಪಾರ್ವತವ್ವ ಸೊಸೆಯ ಗಲ್ಲ ಹಿಡಿದುಕೊಂಡಳು. ಆಮೇಲೆ ಕೈ ಹಿಂದೆಗೆದಳು.

“ಆ ಪಾಪಿ ಹೆಸರ್ಯಾಕ ನನ್ನವ್ವ? ಅವನ್ನ ಹರಸಿ ರೊಟ್ಟಿ ತಿನ್ನೂಣೇನು?”

“ಹರಸೂದಲ್ಲ ಅತ್ತಿ. ದಿನಾ ಹಲ್ಲಾಗ ಅರದು ನುಂಗ್ತೀನಿ. ತಿರುವ್ರಿ.”

ಪಾರ್ವತವ್ವ ತಿರುವಿದಳು.

ಗೋಡೆಯಾಚೆಯ ಗುರುಶಾಂತವ್ವ ಪದ ಕಲಿತಳು. ಅವಳಿಂದ ಓಣಿ ಕಲಿಯಿತು. ಕೋಳಿ ಕೂಗುವ ಹೊತ್ತಿಗೆ ಮನೆಮನೆಯ ಕಲ್ಲಿನಿಂದ ಅಂದಾನಪ್ಪನ ಹೆಸರು ಏಳತೊಡಗಿತು. ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದಿದ್ದ ಅವನ ಸೊಸೆಗೂ ಅದು ಬಾಯಿಗೆ ಬಂತು. ಮಾವನ ಹೆಸರು ಹೇಳಬಾರದೆಂದು ಆ ಜಾಗದಲ್ಲಿ ‘ನಮ್ಮ ಮಾವ’ ಎಂದು ಹಾಡಿದಳಂತೆ. ಅಂದಾನಪ್ಪ ಅಂದೇ ಮನೆಯ ಕಲ್ಲನ್ನು ತಿಪ್ಪೆಗೆ ಹಾಕಿಸಿ, ಹುಬ್ಬಳ್ಳಿಯಿಂದ ಇಂಜಿನ್ ತಂದು ಹಿಟ್ಟಿನ ಗಿರಣಿ ಹೂಡಿದ. ಮುಂದಿನ ಸುಗ್ಗಿಯ ತನಕ ಪುಕ್ಕಟೆ ಬೀಸಿಕೊಡುತ್ತೇನೆಂದು ಸಾರಿಸಿದ. ಕಲ್ಲುಗಳು ಸುಮ್ಮನಾಗಲಿ ಎಂಬುದೇ ಅವನ ಲೆಕ್ಕ.

ಹೆಂಗಸರು ಬುಟ್ಟಿ ಹೊತ್ತು ಬಂದರು. ಇಂಜಿನ್ನಿನ ಗದ್ದಲದಲ್ಲಿ ಮಾತು ಕೇಳುವಂತಿರಲಿಲ್ಲ. ಕಾಯುತ್ತ ನಿಂತವರು ಬೇಸರ ಕಳೆಯಲು ದನಿ ಏರಿಸಿ ಅದೇ ಪದ ಹಾಡಿದರು.

“ಅಂದಾನಪ್ಪಣ್ಣ, ನಿನ್ನ ಗಿರಣಿ ತಾಳ ಭಾಳ ಛಲೋ ಹಿಡೀತದ ನೋಡು,” ಎಂದಳು ಗುರುಶಾಂತವ್ವ.

ಮರುವಾರ ಅವನು ಗಿರಣಿಗೆ ಬೀಗ ಹಾಕಿ ನೆಟ್ಟಗೆ ಪಾರ್ವತವ್ವನ ಮನೆಗೆ ಬಂದ. ಕಣ್ಣು ಕೆಂಪಾಗಿದ್ದವು. ಕೂತುಕೋ ಎಂದು ಯಾರೂ ಅನ್ನಲಿಲ್ಲ.

“ಪಾರ್ವತವ್ವ, ಸೊಸಿಗೊಂದೀಟು ಹೇಳ್ರಿ.”

“ಆಕಿಗೀಗ ಬಾಯಿ ಬಂದೈತಿ. ಆಕಿನ್ನ ಕೇಳು.”

“ನೀಲವ್ವ, ನನಗ ನಿದ್ದಿಲ್ಲ. ಕಲ್ಲು ನಿಂತ್ರೂ ಕಿವ್ಯಾಗ ತಿರಗತೈತಿ. ಗುದ್ದಲಿ ಮುಟ್ಟಾಕ ಆಗವಲ್ದು.”

ನೀಲಗಂಗವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮುಖ ಎತ್ತಲಿಲ್ಲ.

“ನನಗೂ ಹಂಗ ಆಗಿತ್ತು. ಅದಕ್ಕ ಔಷಧ ಐತಿ.”

“ಏನದು? ಹೇಳವ್ವ.”

“ಹಾಡೂದು. ನೀನ ಹಾಡು. ಕೆರಿ ಏರಿ ಮ್ಯಾಲ ನಿಂತು, ಊರು ಕೇಳೂಹಂಗ.”

ಅಂದಾನಪ್ಪ ಹೊಸ್ತಿಲ ಕಡೆ ನೋಡಿದ, ಪಾರ್ವತವ್ವನ ಕಡೆ ನೋಡಿದ. ಅವಳು ಬೇರೆಲ್ಲೋ ನೋಡುತ್ತಿದ್ದಳು.

“ಅದು ನನ್ನಿಂದ ಆಗೂದಲ್ಲ ತಂಗಿ. ನನ್ನ ನೀರಿನ ಪಾಳಿನೂ ನಿಮಗ ಬಿಡ್ತೀನಿ. ಪದ ಬೇಕಾದ್ರ ಹಾಡ್ಕೋ. ಹೆಸರೊಂದು ತಗದಬಿಡು.”

ನೀಲಗಂಗವ್ವ ಮೊರ ಕೆಳಗಿಟ್ಟಳು. ಎದ್ದು ಅವನೆದುರು ನಿಂತಳು.

“ತಗಿಯೂದಿಲ್ಲ,” ಎಂದಳು.