ಬಿಡಿಸಿಟ್ಟ ಹಸಿರು ತಂತಿ

ನಾನು ಒಂದು ಕೇಬಲ್. ಹದಿನೈದು ಮೀಟರ್ ಉದ್ದ, ಕರಿ ಮೈ, ಹೊಟ್ಟೆಯೊಳಗೆ ಮೂರು ತಂತಿ. ಮನೆಯಂತೆ ಮಾಡಿದ ಗಾಡಿಯೊಂದಕ್ಕೆ ಹೊರಗಿನ ಕಂಬದಿಂದ ಕರೆಂಟ್ ತಂದುಕೊಡುವುದು ನನ್ನ ಕಸುಬು. ನನ್ನನ್ನು ಹುಟ್ಟಿಸಿದವನು ಹುಬ್ಬಳ್ಳಿಯ ವೈರಿಂಗ್ ಮಿಸ್ತ್ರಿ ದಾವಲಸಾಬ. ಅವಸರವಿಲ್ಲದ ಮನುಷ್ಯ. ಚಾಕುವಿನಿಂದ ನನ್ನ ಸಿಪ್ಪೆ ಸುಲಿದು, ಕೆಂಪು ಕಪ್ಪು ತಂತಿಗಳನ್ನು ಪ್ಲಗ್ಗಿನೊಳಗೆ ಬಿಗಿದ. ಹಸಿರನ್ನು ಬಿಗಿದು, ಜಗ್ಗಿ ನೋಡಿ, ಮತ್ತೊಮ್ಮೆ ಬಿಗಿದ.

"ಸಾವಕಾರ್ರ, ಈ ಹಸರು ದಿನಾ ಏನೂ ಕೆಲಸ ಮಾಡಂಗಿಲ್ರಿ. ಗಾಡಿ ಮೈಗೆ ಕರೆಂಟ್ ಇಳದ ದಿನ ಅದನ್ನ ಭೂಮಿಗೆ ಒಯ್ದು ಬಿಡತೈತಿ. ಇದನ್ನ ಮಾತ್ರ ತಗೀಬ್ಯಾಡ್ರಿ," ಅಂದ.

ಗಾಡಿಯ ಮಾಲೀಕ ಮುನವಳ್ಳಿ ಸಾವಕಾರ ತಲೆಯಾಡಿಸಿದ. ಮಾತು ಆ ತಲೆಯೊಳಗೆ ಎಷ್ಟು ಇಳಿಯಿತೋ ದೇವರೇ ಬಲ್ಲ.

ಹಳೆಯ ಟೆಂಪೊಗೆ ಮಂಚ, ಎಸಿ, ಗೀಜರ್ ಹಾಕಿಸಿ ಬಾದಾಮಿಯ ಹೊರಗಿನ ತನ್ನ ಹೊಲದಲ್ಲಿ ನಿಲ್ಲಿಸಿದ್ದ. ಗುಹೆ ನೋಡಲು ಬಂದ ದೂರದ ಮಂದಿ ಅದರಲ್ಲಿ ಉಳಿಯುತ್ತಿದ್ದರು. ನಾನು ನೆಲದ ಮೇಲೆ ಬಿದ್ದಿರುವ ಜಾತಿ, ಜನರ ಗುರುತು ನನಗೆ ಕಾಲಿನಿಂದಲೇ. ಅತಿಥಿಗಳು ಬೂಟುಗಾಲಲ್ಲಿ ನನ್ನನ್ನು ತುಳಿದುಕೊಂಡೇ ಗಾಡಿ ಹತ್ತುತ್ತಿದ್ದರು. ಕಸ ಗುಡಿಸುವ ಫಕೀರವ್ವ ಮಾತ್ರ ನನ್ನನ್ನು ಎತ್ತಿ ಬದಿಗಿಟ್ಟು ದಾಟುತ್ತಿದ್ದಳು. ಒಳಗೆ ಕೆಂಪು ಜಮಖಾನೆ ಹಾಸಿದ್ದರಿಂದ ಕೆಲಸದವರು ಚಪ್ಪಲಿ ಕೆಳಗೇ ಬಿಟ್ಟು ಹತ್ತಬೇಕೆಂದು ಸಾವಕಾರನ ಕಟ್ಟಪ್ಪಣೆ. ಬೂಟಿಗೆ ಆ ಕಟ್ಟಳೆ ಇರಲಿಲ್ಲ.

ಡಿಸೆಂಬರಿನಲ್ಲಿ ಗೀಜರ್ ಕೆಟ್ಟಿತು. ಹಚ್ಚಿದ ಕೂಡಲೇ ಫ್ಯೂಸ್ ಹಾರುತ್ತಿತ್ತು. ಅದು ನನ್ನ ಹಸಿರು ತಂತಿ ತನ್ನ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ದಾವಲಸಾಬ ಫೋನಿನಲ್ಲಿ, "ಗೀಜರ್ ಬದಲ್ ಮಾಡ್ಬೇಕ್ರಿ, ನಾ ಬರೂತನಕ ಹಚ್ಚಬ್ಯಾಡ್ರಿ," ಅಂದ. ಆದರೆ ಅತಿಥಿಗಳಿಗೆ ಬಿಸಿನೀರು ಬೇಕಿತ್ತು. ಸಾವಕಾರ ತಾನೇ ಸ್ಕ್ರೂಡ್ರೈವರ್ ಹಿಡಿದು ನನ್ನ ಪ್ಲಗ್ ಬಿಚ್ಚಿ, ಹಸಿರನ್ನು ಬಿಡಿಸಿ, ಮಡಚಿ ಟೇಪು ಸುತ್ತಿದ. ಫ್ಯೂಸ್ ಹಾರಲಿಲ್ಲ, ನೀರು ಕಾದಿತು. "ಕೆಲಸ ಇಲ್ಲದ್ದು ಯಾಕ ಬೇಕು?" ಅಂತ ಮೀಸೆ ತಿರುವಿದ. ನನಗೆ ಮೈಯೆಲ್ಲ ಉರಿಯಿತು. ಆದರೆ ಕೇಬಲ್ಲಿಗೆ ಬಾಯೆಲ್ಲಿದೆ?

ಮರುದಿನ ಫಕೀರವ್ವ ಅವನ ಮುಂದೆ ನಿಂತಳು.

"ಸಾವಕಾರ್ರ, ಬಾಗಲಾ ಮುಟ್ಟಿದ್ರ ಕೈ ಜುಮ್ ಅಂತೈತ್ರಿ."

"ಚಪ್ಪಲಿ ಹಾಕ್ಕೊಂಡು ಮುಟ್ಟು."

"ಚಪ್ಪಲಿ ಹಾಕ್ಕೊಂಡು ಹತ್ತಬ್ಯಾಡ ಅಂದವ್ರು ನೀವಽ ಅಲ್ರಿ?"

"ಎದುರು ಮಾತಾಡ್ತಿ? ನಿನಗ ಹಿಡದದ್ದು ಕರೆಂಟಲ್ಲ, ಮೈಗಳ್ಳತನ!"

ಪಕ್ಕದಲ್ಲಿದ್ದ ಅತಿಥಿಗಳು ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಂದಿನಿಂದ ಅವಳು ಸೆರಗು ಸುತ್ತಿದ ಕೈಯಿಂದ ಬಾಗಿಲು ತೆಗೆಯತೊಡಗಿದಳು.

ನಾಲ್ಕನೆಯ ಬೆಳಿಗ್ಗೆ ಅವಳು ಅಂಗಳಕ್ಕೆ ನೀರು ಹೊಡೆದಿದ್ದಳು. ಸೆರಗೂ ಒದ್ದೆಯಾಗಿತ್ತು. ಒಳಗೆ ಗೀಜರ್ ಹಚ್ಚಿದ್ದರು. ಅವಳು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಕೆಸರಿನಲ್ಲಿ ಬರಿಗಾಲೂರಿ ಬಾಗಿಲ ಹಿಡಿಕೆ ಹಿಡಿದಳು. ಹರಿದ ಕರೆಂಟೆಲ್ಲ ನನ್ನೊಳಗಿಂದಲೇ ಹೋಯಿತು. ತಡೆಯಲು ನನ್ನಿಂದ ಆಗಲಿಲ್ಲ. ಅವಳು ಕೂಗಲೂ ಇಲ್ಲ, ಹಿಡಿದ ಕೈ ಬಿಡಲೂ ಇಲ್ಲ.

ಸಾವಕಾರ ಓಡಿಬಂದು ನನ್ನನ್ನು ಕಂಬದಿಂದ ಕಿತ್ತ. ಅವಳು ಮೆಟ್ಟಿಲ ಮೇಲೆ ಬಿದ್ದಳು. ಉಸಿರಿದೆಯೇ ಎಂದು ಅವನು ಬಗ್ಗಿ ನೋಡುತ್ತಾನೆ ಅಂದುಕೊಂಡೆ. ಅವನು ನನ್ನ ಪ್ಲಗ್ ಹಿಡಿದುಕೊಂಡು ಗಾಡಿಯ ಹಿಂದಕ್ಕೆ ಹೋದ. ಟೇಪು ಬಿಚ್ಚಿ ಹಸಿರನ್ನು ಅದರ ಜಾಗದಲ್ಲಿ ಕೂರಿಸಿ ಸ್ಕ್ರೂ ಬಿಗಿದ. ಎರಡು ನಿಮಿಷದ ಕೆಲಸ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಇವನಿಗೆ ಬಂದದ್ದು ಬುದ್ಧಿಯಲ್ಲ, ಕಪಟ. ಆಮೇಲೆ ಈಚೆ ಬಂದು, "ಅಯ್ಯೋ, ಫಕೀರವ್ವ!" ಅಂತ ಎದೆ ಬಡಿದುಕೊಂಡ.

ಸಂಜೆಯೊಳಗೆ ಗೀಜರ್ ಗುಜರಿ ಸೇರಿತು. ಮರುದಿನ ಕರೆಂಟ್ ಆಫೀಸಿನಿಂದ ತಪಾಸಣೆಗೆ ಬಂದವರು ನನ್ನನ್ನು ಬಿಚ್ಚಿ ನೋಡಿ, "ಕೇಬಲ್ ಸರಿ ಐತಿ. ಒದ್ದಿ ಕೈಲೆ ಏನ್ ಮುಟ್ಟಿದ್ಳೋ," ಅಂತ ಬರೆದುಕೊಂಡು ಚಹಾ ಕುಡಿದು ಹೋದರು.

ಫಕೀರವ್ವ ಸತ್ತು ತಿಂಗಳು ಕಳೆದ ಮೇಲೆ ಸಾವಕಾರ ಅವಳ ಮಗಳು ನೀಲವ್ವನನ್ನು ಅದೇ ಕೆಲಸಕ್ಕೆ ಕರೆದ. ಗಂಡ ಬಿಟ್ಟವಳು, ಕಂಕುಳಲ್ಲಿ ಕೂಸು. ಮನುಷ್ಯ ಅಂದರೆ ಹೀಗಿರಬೇಕು ಎಂದು ಊರು ಅವನನ್ನು ಹೊಗಳಿತು. ನೀಲವ್ವ ಬಂದ ದಿನವೇ ಅವನ ಕಾಲಿಗೆ ಬಿದ್ದಳು.

ಈಗ ನನ್ನ ಮೈ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಮೊನ್ನೆ ಆಯುಧಪೂಜೆಗೆ ಸಾವಕಾರ ಗಾಡಿ ತೊಳೆಸಿ, ಮಾಲೆ ಹಾಕಿಸಿ, ನನ್ನನ್ನೂ ಸುತ್ತಿ ಮೆಟ್ಟಿಲ ಮೇಲೆ ಇಡಿಸಿದ.

"ಇದಕ್ಕೂ ಕುಂಕುಮ ಹಚ್ಚವಾ. ನಮ್ಮೆಲ್ಲಾರ ಹೊಟ್ಟಿ ತುಂಬಸೂದು ಇದಽ," ಅಂದ.

ನೀಲವ್ವ ನನ್ನ ಪ್ಲಗ್ಗಿಗೆ ಕುಂಕುಮ ಹಚ್ಚಿ, ಹೂವಿಟ್ಟಳು. ಕೂಸಿನ ಎರಡೂ ಕೈ ಹಿಡಿದು ನನಗೆ ಕೈ ಮುಗಿಸಿದಳು.

"ಅವ್ವನ್ನ ಕಾಯಲಿಲ್ಲ, ನಮ್ಮನ್ನಾರ ಕಾಯಪ್ಪಾ," ಅಂದಳು.