ತವರಿಗೆ ಕರೆತರುವ ಕಾರು

ವೆಂಕಟರವಣಪ್ಪನಿಗೆ ತನ್ನ ಹಳೆಯ ಕಾರು ಮತ್ತೆ ಸಿಕ್ಕಿದ್ದು ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿಯಲ್ಲಿ, ಹುಣಸೆ ಮರದ ಅಡಿಯಲ್ಲಿ. ನಾಲ್ಕು ಚಕ್ರಕ್ಕೂ ಗಾಳಿಯಿರಲಿಲ್ಲ. ಹಿಂದಿನ ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ಅಲ್ಲಿಂದಲೇ ಮೇಲೂರಿನ ಮನೆಗೆ ಫೋನ್ ಮಾಡಿದ.

"ಲಕ್ಷ್ಮೀ, ನಮ್ ಕಾಂಟೆಸ್ಸಾ ಸಿಕ್ತು ಕಣೇ!"

ಲಕ್ಷ್ಮಿದೇವಮ್ಮ ರೇಷ್ಮೆ ಹುಳಗಳಿಗೆ ಸೊಪ್ಪು ಹಾಕುತ್ತಿದ್ದವಳು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು. "ಓಡತ್ತಾ?"

"ಓಡಲ್ಲ. ಎಂಜಿನ್ ಹಿಡ್ಕೊಂಡ್ಬಿಟ್ಟಿದೆ."

"ಓಡದೆ ಬಿದ್ದಿರೋದು ನಮ್ಮನೇಲಿ ಈಗ್ಲೇ ಒಂದಿದೆಯಲ್ಲ, ಎಂಟಾದ್ರೂ ಹಾಸಿಗೆ ಬಿಟ್ಟು ಏಳಲ್ಲ. ಇನ್ನೊಂದ್ಯಾಕ್ರೀ?"

ಅವನು ನಕ್ಕ. ಅವಳೂ ನಕ್ಕಳು. ಅವನು ಆ ಕಾರನ್ನು ತರದೆ ಬಿಡುವುದಿಲ್ಲವೆಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಮಗಳು ಶಿರೀಷಾ ಹುಟ್ಟಿದ ವರ್ಷ ಕೊಂಡ ಕಾರು ಅದು. ಶಿಡ್ಲಘಟ್ಟದ ಆಸ್ಪತ್ರೆಯಿಂದ ಮಗುವನ್ನು ಮನೆಗೆ ತಂದದ್ದೇ ಅದರ ಮೊದಲ ಸವಾರಿ. ಉದ್ದನೆಯ ಮೂತಿ, ಮಂಚದಷ್ಟು ಅಗಲದ ಹಿಂದಿನ ಸೀಟು. ಗೇರು ಹಾಕಿ ಕಾಲೊತ್ತಿದರೆ ಗೂಳಿಯ ಹಾಗೆ ಮುಂದಕ್ಕೆ ಚಿಮ್ಮುತ್ತಿತ್ತು. ಮಗಳಿಗೆ ಹದಿಮೂರಾದಾಗ ಬಿಡಿಭಾಗಗಳು ಎಲ್ಲೂ ಸಿಗದೆ ಅದನ್ನು ಮಾರಬೇಕಾಯಿತು. ಕಾರಿನ ಹಿಂದೆಯೇ ಕೆರೆ ಏರಿಯವರೆಗೂ ಓಡಿದ್ದ ಹುಡುಗಿ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಮದುವೆಯಾಗಿ ಗೌರಿಬಿದನೂರಿಗೆ ಹೊರಡುವಾಗ ಬಾಡಿಗೆ ಕಾರಿನ ಕಿಟಕಿಯಿಂದ ಬಗ್ಗಿ, "ನಮ್ ಕಾರಿದ್ದಿದ್ರೆ ಇಷ್ಟು ಅಳು ಬರ್ತಿರ್ಲಿಲ್ಲಪ್ಪ" ಎಂದಿದ್ದಳು. ಆ ಮಾತು ಅವನೊಳಗೆ ಮುಳ್ಳಿನಂತೆ ಉಳಿದಿತ್ತು.

ಕಾರು ಮತ್ತೆ ಸಿಕ್ಕಾಗ ಶಿರೀಷಾ ನಾಲ್ಕು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ಈ ಕಾರಿನಲ್ಲೇ ಎಂದು ವೆಂಕಟರವಣಪ್ಪ ಅವತ್ತೇ ತೀರ್ಮಾನಿಸಿದ.

ಚಿಂತಾಮಣಿಯ ಅಬ್ದುಲ್ ಸತ್ತಾರ್ ಸಾಹೇಬರ ಶೆಡ್ಡಿಗೆ ಕಾರನ್ನು ಎಳೆಸಿಕೊಂಡು ಹೋದ. ಸತ್ತಾರ್ ಎಂಜಿನ್ ಬಿಚ್ಚಿ ನೋಡಿ ತಲೆ ಕೊಡವಿದರು. ತುಕ್ಕು ಹಿಡಿದ ಪಿಸ್ಟನ್ನುಗಳನ್ನು ಸುತ್ತಿಗೆಯಿಂದ ಹೊಡೆದು ಹೊರಗೆ ತೆಗೆಯಬೇಕಾಯಿತು. ಸಿಲಿಂಡರುಗಳನ್ನು ಲೇತಿನಲ್ಲಿ ಕೊರೆಸಬೇಕು, ಕೊರೆದ ಅಳತೆಗೆ ಸರಿಯಾಗಿ ದಪ್ಪನೆಯ ಪಿಸ್ಟನ್ ಹುಡುಕಬೇಕು. ಒಂದು ತಿಂಗಳು ಕಾದ ಮೇಲೆ ಬಂದ ಪಿಸ್ಟನ್ ಅಳತೆ ತಪ್ಪಿತ್ತು, ವಾಪಸು ಹೋಯಿತು. ವೆಂಕಟರವಣಪ್ಪ ಅಷ್ಟಕ್ಕೇ ನಿಲ್ಲಿಸಲಿಲ್ಲ. ಪವರ್ ಸ್ಟೀರಿಂಗ್ ಬೇಕೆಂದ, ಎಸಿ ಬೇಕೆಂದ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬೇಕೆಂದ. ಗೌರಿಬಿದನೂರಿನ ದಾರಿಯಲ್ಲಿ ಮಂಚೇನಹಳ್ಳಿ ಹತ್ತಿರದ ಹಳ್ಳಗಳಲ್ಲಿ ಮಗಳ ಹೊಟ್ಟೆ ಕುಲುಕಬಾರದೆಂದು ಹಿಂದಿನ ಸ್ಪ್ರಿಂಗುಗಳನ್ನೇ ಬದಲಾಯಿಸಿದ.

ಒಂದು ಸಲ ಲಕ್ಷ್ಮಿದೇವಮ್ಮನೂ ಹೋಗಿದ್ದಳು. ಎಂಜಿನ್ ಸರಪಳಿಯಲ್ಲಿ ತೂಗುತ್ತಿತ್ತು.

"ನೋಡಮ್ಮ," ಎಂದರು ಸತ್ತಾರ್, "ಅಣ್ಣಂಗೆ ಒಂದು ಮಾತು ಹೇಳಿ. ದಿನಾ ಬಂದು ನನ್ನ ತಲೆ ಮೇಲೆ ಕೂರ್ತಾರೆ. ಬೋಲ್ಟು ನಾನು ಬಿಗೀತೀನಿ, ಹಲ್ಲು ಇವರು ಕಚ್ತಾರೆ."

"ಅಲ್ಲಾದ್ರೂ ಕೂರ್ಲಿ ಬಿಡಿ ಸಾಹೇಬ್ರೆ. ನಮ್ಮನೆ ಅಡುಗೆಮನೇಲಿ ಕೂತು ಪಿಸ್ಟನ್ನು ಪಿಸ್ಟನ್ನು ಅಂತ ಜಪ ಮಾಡೋದು ತಪ್ಪತ್ತೆ."

ಏಳನೇ ತಿಂಗಳು ಬಂತು. ಗೌರಿಬಿದನೂರಿಗೆ ಹೋಗಿ ಮಗಳಿಗೆ ಬಳೆ ತೊಡಿಸಿದರು. ಬಳೆ ತೊಡಿಸಿದ ಕೈಯನ್ನು ಹಾಗೇ ಹಿಡಿದು ಮನೆಗೆ ಕರೆದುಕೊಂಡು ಬರುವುದು ಪದ್ಧತಿ. ಬೀಗಿತ್ತಿ ಅಮ್ಮಾಜಮ್ಮ ಸೂಟ್‌ಕೇಸನ್ನೂ ತುಂಬಿಸಿಟ್ಟಿದ್ದರು. ಆದರೆ ವೆಂಕಟರವಣಪ್ಪ ಕೈ ಮುಗಿದು, "ಇನ್ನು ಹತ್ತೇ ದಿನ ಬೀಗಿತ್ತಿಯೋರೆ. ಕಾರು ರೆಡಿ ಆಗ್ಬಿಡತ್ತೆ" ಎಂದ. ಶಿರೀಷಾ ಹಸಿರು ಬಳೆ ಕುಲುಕಿಸುತ್ತಾ, "ಹೌದತ್ತೆ, ನಮ್ ಕಾರು ಬಂದ್ಮೇಲೇ ಹೋಗ್ತೀನಿ" ಎಂದು ನಕ್ಕಳು. ಅಳಿಯ ಮುರಳಿಮೋಹನ್, "ಅಪ್ಪ ಮಗಳ ಮಧ್ಯೆ ನಾನ್ಯಾರು ಹೇಳೋಕೆ" ಎಂದು ಸೂಟ್‌ಕೇಸನ್ನು ಒಳಗಿಟ್ಟ.

ಎಂಜಿನ್ ಕೂತು ಮೊದಲ ಸಲ ಗುಡುಗಿದಾಗ ಸತ್ತಾರ್ ವೆಂಕಟರವಣಪ್ಪನ ಭುಜ ತಟ್ಟಿ ಎಚ್ಚರಿಕೆ ಕೊಟ್ಟರು. "ಅಣ್ಣ, ಬಿಚ್ಚಿ ಕಟ್ಟಿದ ಎಂಜಿನ್ ಹಸಿ ಬಾಣಂತಿ ಇದ್ದಂಗೆ. ಸಾವಿರ ಕಿಲೋಮೀಟ್ರು ಮೆಲ್ಲಗೆ ಓಡ್ಸಿ. ಐವತ್ತು ದಾಟ್ಬೇಡಿ. ಅಲ್ಲೀವರೆಗೂ ದೂರದ ಪ್ರಯಾಣ ಬೇಡ."

ಅವನು ಆ ಮಾತನ್ನು ದೇವರ ಮಾತಿನಂತೆ ಪಾಲಿಸಿದ. ಬೆಳಗ್ಗೆ ಮೇಲೂರಿನಿಂದ ಚಿಂತಾಮಣಿಗೆ, ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ, ಮತ್ತೆ ಮನೆಗೆ. ಎತ್ತಿನ ಗಾಡಿಯ ಹಾಗೆ ಹೋಗುವ ಕಾರನ್ನು ಟೊಮೆಟೊ ಲಾರಿಗಳೆಲ್ಲ ಹಾರ್ನ್ ಹೊಡೆದು ದಾಟಿ ಹೋಗುತ್ತಿದ್ದವು. "ಬಾಡಿಗೆ ಗಾಡೀಲಿ ಕರ್ಕೊಂಡ್ ಬರಣ ರೀ" ಎಂದು ಲಕ್ಷ್ಮಿದೇವಮ್ಮ ಎರಡು ಸಲ ಹೇಳಿದಳು. "ನಾಲ್ಕು ದಿನ ಕಣೇ" ಎಂದ. ನಾಲ್ಕು ದಿನ ಕಳೆಯಿತು. ಆಮೇಲೆ ಅಮಾವಾಸ್ಯೆ ಅಡ್ಡ ಬಂತು. ಸಾವಿರ ಕಿಲೋಮೀಟರ್ ಮುಗಿಸಿ ಅವನು ಗೆದ್ದವನ ಹಾಗೆ ಅಂಗಳಕ್ಕೆ ಬಂದಾಗ, ಅವಳು ಬೆರಳು ಮಡಚಿ ಎಣಿಸುತ್ತಾ ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ದಿನವೇ ಎಂಟು ಬಿದ್ದಿತ್ತು.

"ನಾಳೇನೇ ಹೋಗಣ" ಎಂದ ವೆಂಕಟರವಣಪ್ಪ.

"ಆಗಲ್ಲ. ಎಂಟರಲ್ಲಿ ಬಸುರೀನ ಮನೆ ಬದಲಾಯಿಸ್ಬಾರ್ದು. ಒಂಬತ್ತು ಬೀಳ್ಲಿ."

"ಅದೆಲ್ಲ ಹಳೇ ಕಾಲದ್ದು ಕಣೇ. ಡಾಕ್ಟ್ರು ಬೇಡ ಅಂದಿಲ್ವಲ್ಲ."

"ಡಾಕ್ಟ್ರು ಹೆರ್ತಾರಾ? ನಮ್ಮಮ್ಮ ನನ್ನನ್ನ ಎಂಟರಲ್ಲಿ ಹೊಸಿಲು ದಾಟಿಸ್ಲಿಲ್ಲ. ನಾನೂ ದಾಟಿಸಲ್ಲ. ನಿಮ್ ಸಾವಿರ ಕಿಲೋಮೀಟ್ರಿಗೆ ನಾನು ಕಾದೆ, ನನ್ನ ಒಂದ್ ತಿಂಗಳಿಗೆ ನೀವು ಕಾಯ್ರಿ."

ಅವನು ಮರುದಿನವೂ ಕೇಳಿದ. ಅದರ ಮರುದಿನವೂ. ಅವಳು ಜಗ್ಗಲಿಲ್ಲ. ಕೊನೆಗೆ ಕಾರಿಗೆ ಬಟ್ಟೆ ಹೊದಿಸಿ ಸುಮ್ಮನಾದ.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಶಿರೀಷಾ ವಿಡಿಯೋ ಕಾಲ್ ಮಾಡಿದಳು. ಮುಖ ತುಂಬಿಕೊಂಡಿತ್ತು, ಕೆನ್ನೆ ಹೊಳೆಯುತ್ತಿತ್ತು.

"ಬಳೆ ಬಿಗಿಯಾಗ್ತಿದೆ ಕಣಮ್ಮ. ಕೈ ಒಳಗೆ ಆಡ್ತಾನೇ ಇಲ್ಲ."

"ಈಗ ನೋಡು ಮೈ ಕೈ ತುಂಬ್ಕೊಂಡಿದ್ದೀಯ. ಸಾಯಂಕಾಲ ಅತ್ತೆ ಕೈಲಿ ದೃಷ್ಟಿ ತೆಗೆಸ್ಕೋ ನಮ್ಮಮ್ಮ."

"ತಲೆನೂ ನೋಯ್ತಿದೆ."

"ಎಣ್ಣೆ ಹಚ್ಕೊಂಡು ಮಲ್ಕೋ."

ಫೋನ್ ಇಟ್ಟ ಮೇಲೆ ಗಂಡನಿಗೆ, "ನಿಮ್ ಮಗಳು ಹೆಂಗೆ ದುಂಡಗಾಗಿದ್ದಾಳೆ ಗೊತ್ತಾ" ಎಂದು ಹೆಮ್ಮೆಯಿಂದ ಹೇಳಿದ್ದಳು.

ಐದನೇ ದಿನ ಬೆಳಗ್ಗೆ ಅಳಿಯನ ಫೋನ್ ಬಂತು. ಶಿರೀಷಾಳಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದಿತ್ತು. ಕಾರು ಓಡಿಸುವ ಸ್ಥಿತಿಯಲ್ಲಿ ವೆಂಕಟರವಣಪ್ಪ ಇರಲಿಲ್ಲ. ಬಸ್ಸು, ಆಟೋ ಹಿಡಿದು ಇಬ್ಬರೂ ಗೌರಿಬಿದನೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ಆಪರೇಷನ್ ಮುಗಿದು ತಾಯಿ ಉಳಿದಿದ್ದಳು, ಮಗು ಉಳಿದಿರಲಿಲ್ಲ. ಹೆಣ್ಣು ಮಗು. ಡಾಕ್ಟರಮ್ಮ ಕನ್ನಡಕ ತೆಗೆದು ಮೆಲ್ಲಗೆ ಕೇಳಿದರು: "ಮುಖ, ಕೈ ಊದಿರಲಿಲ್ವಾ? ಯಾರೂ ಗಮನಿಸಲಿಲ್ವಾ?"

ಲಕ್ಷ್ಮಿದೇವಮ್ಮ ಉತ್ತರ ಕೊಡುವ ಮೊದಲೇ ಪಕ್ಕದಲ್ಲಿದ್ದ ವೆಂಕಟರವಣಪ್ಪ, "ನಂದೇ ತಪ್ಪು ಮೇಡಂ. ಏಳರಲ್ಲೇ ಕರ್ಕೊಂಡು ಹೋಗ್ಬೇಕಿತ್ತು. ಕಾರು ಕಾರು ಅಂತ ಬಿಟ್ಬಿಟ್ಟೆ" ಎಂದ. ಅಮ್ಮಾಜಮ್ಮನಿಗೂ ಅದನ್ನೇ ಹೇಳಿದ, ನೋಡಲು ಬಂದ ನೆಂಟರಿಗೂ ಅದನ್ನೇ. ಎಂಟನೇ ತಿಂಗಳ ಮಾತನ್ನು ಅವನು ಒಮ್ಮೆಯೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಅವನು ಒಬ್ಬನೇ ಬೈಸಿಕೊಳ್ಳುವುದನ್ನು ಒಂದು ವಾರ ನೋಡುತ್ತಾ, ಮಗಳಿಗೆ ಗಂಜಿ ಕುಡಿಸುತ್ತಾ ಕೂತಳು. ಶಿರೀಷಾ ಅಪ್ಪ ಒಳಗೆ ಬಂದಾಗಲೆಲ್ಲ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಡಿಸ್ಚಾರ್ಜ್ ಎಂದ ದಿನ ವೆಂಕಟರವಣಪ್ಪ, "ಬಾಡಿಗೆ ಗಾಡಿ ಹೇಳ್ತೀನಿ" ಎಂದ.

"ಅದೇ ಕಾರು ತರ್ಲಿ" ಎಂದಳು ಶಿರೀಷಾ, ಗೋಡೆಯನ್ನೇ ನೋಡುತ್ತಾ. "ಅದಕ್ಕೇ ಅಲ್ವಾ ಮಾಡ್ಸಿದ್ದು."

ಅವನು ಊರಿಗೆ ಹೋಗಿ ಕಾರು ತಂದ. ಬಿಳಿ ಬಣ್ಣ ಥಳಥಳ ಹೊಳೆಯುತ್ತಿತ್ತು. ಮುರಳಿಮೋಹನ್ ಭಾನುವಾರ ಬರುತ್ತೇನೆಂದು ಹೇಳಿ, ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲನ್ನು ಮೆಲ್ಲಗೆ ಹಾಕಿದ. ಲಕ್ಷ್ಮಿದೇವಮ್ಮ ಮಗಳ ಪಕ್ಕ ಕೂತಳು. ಮಂಚೇನಹಳ್ಳಿಯ ಹಳ್ಳಗಳು ಗೊತ್ತೇ ಆಗಲಿಲ್ಲ. ನೀರಿನ ಮೇಲೆ ಹೋದಂತೆ ಕಾರು ಹೋಗುತ್ತಿತ್ತು. ಅದು ಅಷ್ಟು ಚೆನ್ನಾಗಿ ಓಡುವುದೇ ಅವಳಿಗೆ ಸಹಿಸಲಾಗಲಿಲ್ಲ.

ಚಿಕ್ಕಬಳ್ಳಾಪುರದ ಹತ್ತಿರ ಶಿರೀಷಾ ಸೆರಗನ್ನು ಎಳೆದುಕೊಂಡಳು. ರವಿಕೆ ಒದ್ದೆಯಾಗಿತ್ತು. ಕುಡಿಯಲು ಮಗುವಿಲ್ಲದ ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಇಂಗುತ್ತದೆಂದು ಲಕ್ಷ್ಮಿದೇವಮ್ಮನಿಗೆ ಗೊತ್ತಿತ್ತು. "ಹೂವಿನಂಗಡಿ ಹತ್ರ ನಿಲ್ಸ್ರಿ" ಎಂದಳು.

ಹೂವಿನವಳು ಹೊಸದಾಗಿ ಹೊಳೆಯುವ ಕಾರನ್ನೂ ಒಳಗಿದ್ದ ಹಸಿರು ಬಳೆಯ ಹುಡುಗಿಯನ್ನೂ ನೋಡಿ ಮುಖ ಅರಳಿಸಿದಳು. "ಮಗಳನ್ನ ತವರಿಗೆ ಕರ್ಕೊಂಡು ಹೋಗ್ತಿದ್ದೀರಾ ಅಮ್ಮ? ತಗೊಳಿ, ಒಂದು ಮೊಳ ಜಾಸ್ತಿನೇ ಹಾಕಿದೀನಿ, ತುಂಬಾ ಮುಡಿಸಿ."

"ಹೂಂ ಕಣಮ್ಮ" ಎಂದು ಲಕ್ಷ್ಮಿದೇವಮ್ಮ ಪೊಟ್ಟಣ ತೆಗೆದುಕೊಂಡು ಬಂದಳು. ಶಿರೀಷಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸ್ವಲ್ಪ ದೂರ ಹೋದ ಮೇಲೆ, ಇಷ್ಟು ದಿನದಲ್ಲಿ ಮೊದಲ ಸಲ, ಅಪ್ಪನನ್ನು ನೇರವಾಗಿ ಮಾತಾಡಿಸಿದಳು.

"ಈ ಕಾರು ರೆಡಿಯಾಗಿ ಎಷ್ಟು ದಿನ ಆಯ್ತಪ್ಪ?"

"ಈಗೀಗ... ತಡ ಆಗೋಯ್ತಮ್ಮ. ನನ್ನ ಹುಚ್ಚು. ನನ್ನೇ ಬೈಯಿ."

"ನಿನ್ನ ಹುಚ್ಚು ನನ್ನ ಮಗೂನ ತಿಂತು" ಎಂದಳು ಶಿರೀಷಾ. ದನಿ ಏರಿರಲಿಲ್ಲ.

ಅವನು ಹೂಂ ಎಂದು ತಲೆಯಾಡಿಸಿದ. ಅವನ ಕತ್ತು ಸಣ್ಣ ಹುಡುಗನ ಕತ್ತಿನಂತೆ ಬಗ್ಗಿದ್ದನ್ನು ಲಕ್ಷ್ಮಿದೇವಮ್ಮ ನೋಡಿದಳು. ಈಗಲೂ ಸುಮ್ಮನಿದ್ದರೆ ಈ ಮನುಷ್ಯ ಸಾಯುವ ತನಕ ಹೀಗೇ ತಲೆಯಾಡಿಸುತ್ತಾನೆ ಎನ್ನಿಸಿತು. ಮಗಳು ತನ್ನ ಮಡಿಲಿಗಾದರೂ ಒರಗಲಿ ಎಂಬ ಆಸೆಯೊಂದು ಒಳಗೆ ಅಂಗಲಾಚುತ್ತಿತ್ತು. ಅದನ್ನು ನುಂಗಿಕೊಂಡಳು.

"ಎಂಟು ಬಿದ್ದ ಮಾರನೇ ದಿನಾನೇ ಕಾರು ರೆಡಿ ಇತ್ತು ಶಿರೀ. ನಿಮ್ಮಪ್ಪ ಹೋಗಣ ಅಂತ ಮೂರು ದಿನ ಗೋಗರೆದ್ರು. ಎಂಟರಲ್ಲಿ ಕೂಡದು ಅಂತ ತಡೆದೋಳು ನಾನು."

"ಲಕ್ಷ್ಮೀ, ಸುಮ್ನಿರೇ."

"ಇಲ್ಲ, ಹೇಳ್ತೀನಿ. ಫೋನಲ್ಲಿ ನಿನ್ನ ಮುಖ ಊದಿದ್ದು ನಾನು ನೋಡ್ದೆ. ನೋಡಿ, ತುಂಬ್ಕೊಂಡಿದ್ದೀಯ ಅಂತ ಸಂತೋಷಪಟ್ಟೆ. ನೀನು ತಲೆನೋವು ಅಂದೆ. ನಾನು ಎಣ್ಣೆ ಹಚ್ಕೋ ಅಂದೆ."

ಶಿರೀಷಾ ಅಮ್ಮನ ಕಡೆ ತಿರುಗಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಅಮ್ಮನ ಕೈಯೊಳಗಿದ್ದ ತನ್ನ ಕೈಯನ್ನು ಬಿಡಿಸಿಕೊಂಡಳು, ಅಷ್ಟೆ.

ಶಿಡ್ಲಘಟ್ಟ ದಾಟಿದ ಮೇಲೆ, "ಅಪ್ಪ, ನಿಲ್ಸು" ಎಂದಳು.

ಅವನು ಗಾಬರಿಯಿಂದ ಕಾರನ್ನು ಹಿಪ್ಪುನೇರಳೆ ತೋಟವೊಂದರ ಪಕ್ಕ ನಿಲ್ಲಿಸಿದ. ಅವಳು ಹೊಟ್ಟೆಯ ಹೊಲಿಗೆಯನ್ನು ಅಂಗೈಯಿಂದ ಒತ್ತಿಕೊಂಡು ಇಳಿದಳು. ಹಿಡಿದುಕೊಳ್ಳಲು ಚಾಚಿದ ಅಮ್ಮನ ಕೈಗೆ ಸಿಗದೆ, ಕಾರಿನ ಮೈ ಸವರುತ್ತಾ ಮುಂದಕ್ಕೆ ನಡೆದು, ಮುಂದಿನ ಬಾಗಿಲು ತೆಗೆದು ಅಪ್ಪನ ಪಕ್ಕದಲ್ಲಿ ಕೂತಳು. ತಲೆಯನ್ನು ಅವನ ತೋಳಿಗೆ ಆನಿಸಿದಳು. ಆಗ ವೆಂಕಟರವಣಪ್ಪ ಅತ್ತ. ಒಂದು ವಾರದಲ್ಲಿ ಅವನು ಅತ್ತದ್ದನ್ನು ಲಕ್ಷ್ಮಿದೇವಮ್ಮ ನೋಡಿದ್ದು ಅದೇ ಮೊದಲು. ಅಪ್ಪ ಮಗಳು ಇಬ್ಬರ ಬೆನ್ನೂ ಒಟ್ಟಿಗೆ ಅಲುಗುತ್ತಿತ್ತು.

ಅಗಲವಾದ ಹಿಂದಿನ ಸೀಟಿನಲ್ಲಿ ಅವಳು ಒಬ್ಬಳೇ ಉಳಿದಳು. ಮನೆಗೆ ಹೋದ ಮೇಲೆ ಬಿಸಿನೀರು ಕಾಯಿಸಬೇಕು, ಬಾಣಂತಿಗೆ ಅನ್ನ ಮಾಡಬೇಕು. ಇವತ್ತಿನಿಂದ ಮೂರು ತಿಂಗಳು ಆ ಮೈಗೆ ಎಣ್ಣೆ ಹಚ್ಚಿ ನೀರು ಹಾಕುವವಳು ತಾನೇ. ಮುಟ್ಟಲು ಬಿಡುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ವೆಂಕಟರವಣಪ್ಪ ಕಣ್ಣೊರೆಸಿಕೊಂಡು ಗೇರು ಹಾಕಿದ. ಕಾರು ಸದ್ದಿಲ್ಲದೆ ಮೇಲೂರಿನ ಕಡೆ ಹೊರಟಿತು.