ಬಾಯಲ್ಲಿ ಪಿನ್ನು

ಮನೆಯಲ್ಲೇ ಬಟ್ಟೆ ಹೊಲಿಯುವ ಆಕೆಗೆ ಮೇಜಿನ ಮೇಲಿನ ಸ್ಮಾರ್ಟ್ ಸ್ಪೀಕರ್ ಬಲಗೈಯಿದ್ದಂತೆ. ಎರಡೂ ಕೈ ಬಟ್ಟೆಯಲ್ಲಿದ್ದರೂ ಬಾಯಲ್ಲಿ ಹೇಳಿದರೆ ಸಾಕು, ಗಿರಾಕಿಗಳಿಗೆ ಫೋನ್ ಹೋಗುತ್ತಿತ್ತು.

ಅಂದು ಗುಂಡಿ ತರಿಸಬೇಕಿತ್ತು. "ಅಂಗಡಿಗೆ ಫೋನ್ ಮಾಡು" ಎಂದವಳೇ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕಾಲರ್ ಜೋಡಿಸತೊಡಗಿದಳು.

"ಅಕ್ಕನಿಗೆ ಫೋನ್ ಮಾಡ್ತಿದ್ದೇನೆ" ಎಂದಿತು ಸ್ಪೀಕರ್.

ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಎಂಬ ಜಗಳದಲ್ಲಿ ಅಕ್ಕತಂಗಿಯರು ಮಾತು ಬಿಟ್ಟು ವರ್ಷವಾಗಿತ್ತು. ಬೇಡವೆನ್ನಲು ಬಾಯಿ ತೆರೆಯುವಂತಿರಲಿಲ್ಲ.

"ಹಲೋ?" ಅಕ್ಕನ ದನಿ.

"ಮ್ಮ್... ಮ್ಮ್..."

"ಅಯ್ಯೋ ಪೆದ್ದಿ, ಮತ್ತೆ ಪಿನ್ನು ಬಾಯಲ್ಲಿಟ್ಕೊಂಡಿದ್ದೀಯಾ? ಮೊದ್ಲು ಉಗುಳು, ನುಂಗ್ಬಿಟ್ಟೀಯೆ!"

ಅವಳು ಪಿನ್ನುಗಳನ್ನು ಅಂಗೈಗೆ ಉಗುಳಿದಳು. ನಗು ತಡೆಯಲಾಗಲಿಲ್ಲ, ಅತ್ತಲಿಂದಲೂ ನಗು ಕೇಳಿತು.

"ಹೇಗಿದ್ದೀಯಕ್ಕಾ?"

"ಮಂಡಿ ನೋವು ಕಣೇ. ಕೇಳೋರು ಯಾರಿದ್ದಾರೆ?"

"ನಾನಿದ್ದೀನಲ್ಲ, ಹೇಳು."

ಅಕ್ಕ ಮಂಡಿಯಿಂದ ಶುರುಮಾಡಿ ಸೊಸೆಯವರೆಗೂ ಹೇಳಿದಳು. ಇವಳು ಹೂಂಗುಡುತ್ತಲೇ ಕಾಲರ್, ತೋಳು ಎರಡನ್ನೂ ಹೊಲಿದು ಮುಗಿಸಿದಳು. ಭಾನುವಾರ ಊಟಕ್ಕೆ ಬರುತ್ತೇನೆಂದು ಅಕ್ಕನೇ ಹೇಳಿ ಫೋನ್ ಇಟ್ಟಳು.